ಟೈಲ್ಸ್ ಮೇಲೆ ದೇವರ ಚಿತ್ರ, ಫೋಟೋ, ರಂಗೋಲಿ ಹಾಕಿಸಬೇಕು. ಯಾವ ಪ್ರಿಂಟ್ ಬಾಳಿಕೆ ಬರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಕೋಲಾರದಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ದೇವರ ಮನೆ ಗೋಡೆಗೆ ಮನೆದೇವರ ಚಿತ್ರ, ಒಲೆ ಹಿಂದಿನ ಗೋಡೆಗೆ ಹೂವು-ಹಣ್ಣು, ಬಾಗಿಲ ಮುಂದಿನ ನೆಲಕ್ಕೆ ರಂಗೋಲಿ, ಗೇಟಿನ ಪಕ್ಕ ಮನೆ ಹೆಸರಿನ ಟೈಲ್. ಒಬ್ಬರು ಸಬ್ಲಿಮೇಷನ್ ಅಂತಾರೆ, ಒಬ್ಬರು ಯುವಿ ಅಂತಾರೆ, ಇನ್ನೊಬ್ಬರು ಸುಡದೆ ಇದ್ದರೆ ದಂಡ ಅಂತಾರೆ. ಯಾರನ್ನು ನಂಬೋದು?

ಮೂವರೂ ಸುಳ್ಳು ಹೇಳುತ್ತಿಲ್ಲ. ಅವರವರ ಅಂಗಡಿಯಲ್ಲಿ ಯಾವ ಮಷೀನ್ ಇದೆಯೋ ಅದನ್ನು ಹೇಳುತ್ತಿದ್ದಾರೆ, ಅಷ್ಟೇ. ನಾನೂ ಕೋಲಾರದವನೇ. ಮಗ್, ಫೋಟೋ ಟೈಲ್ಸ್, ಶೀಲ್ಡ್ ಇವುಗಳ ಮೇಲೆ ಪ್ರಿಂಟ್ ಹಾಕಿಕೊಡೋದೇ ನನ್ನ ಕೆಲಸ. ನನ್ನ ಹತ್ತಿರ ಇರೋದು ಸಬ್ಲಿಮೇಷನ್ ಮಷೀನ್. ಆದರೂ ಹೇಳುತ್ತೇನೆ, ನೀವು ಬರೆದ ನಾಲ್ಕು ಜಾಗಗಳಲ್ಲಿ ಅದು ಒಪ್ಪುವುದು ಒಂದೇ ಕಡೆ.

ಅಂಗಡಿಗೆ ಹೋದಾಗ ಪ್ರಿಂಟ್ ಹೆಸರು ಕೇಳಬೇಡಿ. "ಬಣ್ಣ ಎಲ್ಲಿ ಕೂತಿದೆ?" ಅಂತ ಕೇಳಿ. ಟೈಲ್ ಅಂದರೆ ಸುಟ್ಟ ಮಣ್ಣಿನ ಬಿಲ್ಲೆ, ಅದರ ಮೇಲೆ ತೆಳ್ಳನೆಯ ಗಾಜಿನ ಪದರ. ಆ ಪದರಕ್ಕೇ ಗ್ಲೇಜ್ ಅನ್ನುವುದು. ಬಣ್ಣ ಗ್ಲೇಜಿನ ಮೇಲೆ ಸುಮ್ನೆ ಅಂಟಿಕೊಂಡಿದೆಯೋ, ಬೆಂಕಿಯಲ್ಲಿ ಬೆಂದು ಗ್ಲೇಜಿಗೆ ಬೆಸೆದುಕೊಂಡಿದೆಯೋ? ಬಾಳಿಕೆ ನಿಂತಿರೋದು ಇದರ ಮೇಲೆ.

ಮೊದಲು ನನ್ನ ಕಸುಬಿನದ್ದೇ ಹೇಳಿಬಿಡುತ್ತೇನೆ. ಸಬ್ಲಿಮೇಷನ್‌ನಲ್ಲಿ ಚಿತ್ರವನ್ನು ಬೇರೆಯದೇ ಇಂಕಿನಲ್ಲಿ ಪೇಪರ್ ಮೇಲೆ ಉಲ್ಟಾ ಪ್ರಿಂಟ್ ಮಾಡುತ್ತೇವೆ. ಪೇಪರನ್ನು ಟೈಲ್ ಮುಖಕ್ಕೆ ಟೇಪ್ ಹಾಕಿ ಅಂಟಿಸಿ, ಹೀಟ್ ಪ್ರೆಸ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಒತ್ತುತ್ತೇವೆ. ಬಟ್ಟೆಯಾದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಟೈಲ್ ದಪ್ಪ, ಬಿಸಿ ಏರುವುದೇ ನಿಧಾನ, ಅದಕ್ಕೆ ಹಲವು ನಿಮಿಷ ಬೇಕು. ಇಂಕು ಕರಗಿ ನೀರಾಗುವುದಿಲ್ಲ, ನೇರ ಆವಿಯಾಗಿ ಪಾಲಿಯೆಸ್ಟರ್ ಕೋಟಿಂಗಿನ ಒಳಗೆ ಇಳಿಯುತ್ತದೆ. ಹೌದು, ಕೋಟಿಂಗ್. ಟೈಲ್ಸ್ ಅಂಗಡಿಯಿಂದ ತಂದ ಮಾಮೂಲಿ ಬಿಳಿ ಟೈಲ್‌ಗೆ ಇದು ಹಿಡಿಯುವುದೇ ಇಲ್ಲ. ಮೊದಲೇ ಪ್ಲಾಸ್ಟಿಕ್ ಜಾತಿಯ ಪದರ ಬಳಿದ ಟೈಲ್ ಬೇಕು. ಅಂದರೆ ಬಣ್ಣ ಕೂತಿರೋದು ಗ್ಲೇಜಿನಲ್ಲಲ್ಲ, ಅದರ ಮೇಲಿನ ಪ್ಲಾಸ್ಟಿಕ್ಕಿನಲ್ಲಿ.

ಇದರಲ್ಲಿ ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಮಿಕ್ಕ ಯಾವ ವಿಧಾನವೂ ಹತ್ತಿರ ಬರೋದಿಲ್ಲ. ಕುಂಕುಮದ ಕೆಂಪು, ರೇಷ್ಮೆ ಸೀರೆಯ ಹೊಳಪು, ಅಜ್ಜಿಯ ಮುಖದ ಸುಕ್ಕು, ಎಲ್ಲಾ ಇದ್ದ ಹಾಗೇ ಬರುತ್ತದೆ. ಆದರೆ ಬಿಸಿಲು ಬಿದ್ದರೆ ಬಣ್ಣ ಮಂಕಾಗುತ್ತದೆ, ಸ್ಟೀಲ್ ನಾರು ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಕಾಲಿಟ್ಟರೆ ಸವೆಯುತ್ತದೆ. ಹಾಗಾಗಿ ದೇವರ ಮನೆಯ ಒಳಗೋಡೆಗೆ ಇದು ಸರಿ. ಅಲ್ಲೂ ದೀಪವನ್ನು ಟೈಲ್ಸಿಗೆ ಒತ್ತರಿಸಿ ಇಡಬೇಡಿ, ಕೋಟಿಂಗ್ ಹಳದಿಯಾಗುತ್ತದೆ.

ಯುವಿ ಪ್ರಿಂಟ್‌ನದು ಬೇರೆ ದಾರಿ. ದೊಡ್ಡ ಮೇಜಿನಂಥ ಮಷೀನ್ ಮೇಲೆ ಟೈಲ್ಸನ್ನೇ ಮಲಗಿಸುತ್ತಾರೆ. ಇಂಕು ಬೀಳುತ್ತಿದ್ದ ಹಾಗೇ ಹಿಂದಿನಿಂದ ಯುವಿ, ಅಂದರೆ ನೇರಳಾತೀತ ಬೆಳಕಿನ ಲ್ಯಾಂಪ್ ಬಂದು ಅದನ್ನು ಗಟ್ಟಿ ಮಾಡುತ್ತದೆ. ಯಾವ ಟೈಲ್ ಆದರೂ ನಡೆಯುತ್ತದೆ, ಬಿಳಿ ಇಂಕೂ ಇರುವುದರಿಂದ ಕಪ್ಪು ಟೈಲ್ ಮೇಲೂ ಚಿತ್ರ ಬರುತ್ತದೆ. ಎರಡಡಿ-ನಾಲ್ಕಡಿಯ ಟೈಲ್ಸ್ ಜೋಡಿಸಿ ಗೋಡೆ ತುಂಬ ಚಿತ್ರ ಬೇಕು ಅನ್ನುವವರಿಗೆ ಇದು ಅನುಕೂಲ. ಬೆರಳು ಆಡಿಸಿದರೆ ಸ್ವಲ್ಪ ಉಬ್ಬು ಸಿಗುತ್ತದೆ. ಆ ಉಬ್ಬೇ ಇದರ ತೊಂದರೆಯನ್ನೂ ಹೇಳುತ್ತದೆ. ಇಂಕು ಗಾಜಿನ ಮೇಲೆ ನಿಂತಿದೆ, ಗೋಡೆ ಮೇಲಿನ ಸುಣ್ಣದ ಹಾಗೆ. ಮೊದಲು ಪ್ರೈಮರ್ ಹಾಕದೆ ಹೊಡೆದಿದ್ದರೆ ಉಗುರಿಗೇ ಎದ್ದು ಬರುತ್ತದೆ. ಸ್ಯಾಂಪಲ್ ಟೈಲ್ ಕೇಳಿ ಪಡೆದು, ಮೂಲೆಯಲ್ಲಿ ನಾಣ್ಯದಿಂದ ಗೀಚಿ, ನೇಲ್ ಪಾಲಿಷ್ ರಿಮೂವರ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಸುಟ್ಟ ಬಣ್ಣವಾದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹತ್ತಿಗೆ ಬಣ್ಣ ಬಂದರೆ ಅದು ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ.

ಈಗ ಸುಡುವ ವಿಷಯ. ನನಗೆ ತುಂಬ ಇಷ್ಟವಾದದ್ದು ಇದೇ, ನಮ್ಮ ಕಡೆ ಮಾಡುವವರು ಕಡಿಮೆ. ಇದಕ್ಕೆ ಸೆರಾಮಿಕ್ ಡಿಕಾಲ್ ಅನ್ನುತ್ತಾರೆ. ಲೋಹದ ಆಕ್ಸೈಡ್‌ಗಳಿಂದ ಮಾಡಿದ ಬಣ್ಣವನ್ನು ಅಂಟು ಬಳಿದ ಪೇಪರ್ ಮೇಲೆ ಪ್ರಿಂಟ್ ಮಾಡಿ, ಮೇಲೆ ಒಂದು ಲ್ಯಾಕರ್ ಪದರ ಹಾಕಿರುತ್ತಾರೆ. ಚಿತ್ರ ಕತ್ತರಿಸಿ ನೀರಿಗೆ ಹಾಕಿದರೆ ಪೇಪರ್ ಮೊದಲು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ. ಆಗ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಚಿತ್ರ ಪೇಪರ್ ಬಿಟ್ಟು ಜಾರುತ್ತದೆ. ಅದನ್ನು ಟೈಲ್ ಮೇಲೆ ಕೂರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ಓಡಿಸಬೇಕು. ಒಂದು ಸಾಸಿವೆಯಷ್ಟು ಗಾಳಿ ಉಳಿದರೂ ಬೆಂಕಿಯಲ್ಲಿ ಅದು ಒಡೆದು ಆ ಜಾಗ ಬೆಳ್ಳಗಾಗುತ್ತದೆ. ಅದೂ ಎಲ್ಲಿ, ಸರಿಯಾಗಿ ದೇವರ ಮೂಗಿನ ಮೇಲೆ! ರಾತ್ರಿಯಿಡೀ ಒಣಗಿಸಿ, ಎಲೆಕ್ಟ್ರಿಕ್ ಗೂಡಿನಲ್ಲಿ ನಿಧಾನಕ್ಕೆ ಬಿಸಿ ಏರಿಸುತ್ತಾರೆ. ಮೊದಲು ಲ್ಯಾಕರ್ ಸುಟ್ಟು ಹೊಗೆಯಾಗಿ ಹೋಗುತ್ತದೆ. 750ರಿಂದ 850 ಡಿಗ್ರಿ ಹೊತ್ತಿಗೆ ಗ್ಲೇಜ್ ಮೆತ್ತಗಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ತಣ್ಣಗಾದ ಮೇಲೆ ಅದು ಬಿಸಿಲಿಗೂ ಜಗ್ಗುವುದಿಲ್ಲ, ನೇಲ್ ಪಾಲಿಷ್ ರಿಮೂವರಿಗೂ ಜಗ್ಗುವುದಿಲ್ಲ.

ಚಿತ್ರವನ್ನು ಪೇಪರ್‌ನಿಂದ ಟೈಲ್‌ಗೆ ದಾಟಿಸುವ ಉಪಾಯ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಸ್ಯಾಡ್ಲರ್, ಗೈ ಗ್ರೀನ್ ಅನ್ನುವ ಇಬ್ಬರು 1756ರಲ್ಲಿ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಟೈಲ್ಸ್ ಪ್ರಿಂಟ್ ಮಾಡಿದೆವು ಅಂತ ಪ್ರಮಾಣಪತ್ರವನ್ನೇ ಬರೆದುಕೊಟ್ಟಿದ್ದರು. ಕೈಯಲ್ಲಿ ಬಿಡಿಸುವವರ ಹೊಟ್ಟೆ ಎಷ್ಟು ಉರಿದಿತ್ತೋ.

ಡಿಕಾಲ್‌ಗೆ ತೊಡಕು ಎಂದರೆ ಕೆಂಪು. ಬೆಂಕಿಯನ್ನು ತಡೆದು ಉಳಿಯುವ ಬಣ್ಣಗಳೇ ಕಡಿಮೆ. ಕೋಬಾಲ್ಟ್ ನೀಲಿ ಎಷ್ಟು ಸುಟ್ಟರೂ ನಿಲ್ಲುತ್ತದೆ. ಚೀನಾದ ಪಿಂಗಾಣಿ, ಹಾಲೆಂಡಿನ ಡೆಲ್ಫ್ಟ್ ಟೈಲ್ಸ್ ನೀಲಿ-ಬಿಳಿ ಆಗಿರುವುದಕ್ಕೆ ಇದೂ ಒಂದು ಕಾರಣ. ಒಳ್ಳೆ ಕೆಂಪಿಗೆ ಕ್ಯಾಡ್ಮಿಯಂ ಬೇಕು, ಅದು ಹೇಳಿದ ಮಾತು ಕೇಳುವುದಿಲ್ಲ. ಸ್ವಲ್ಪ ಬಿಸಿ ಜಾಸ್ತಿಯಾದರೆ ಕಂದಾಗುತ್ತದೆ. ಅಮ್ಮನವರ ಹಣೆಯ ಕುಂಕುಮ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಹಿರಿಯರು ಒಪ್ಪುತ್ತಾರಾ? ಆದ್ದರಿಂದ ಆರ್ಡರ್ ಕೊಡುವ ಮೊದಲು ಆ ಕೆಂಪನ್ನು ಸುಟ್ಟ ಸ್ಯಾಂಪಲ್‌ನಲ್ಲೇ ನೋಡಿ, ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪಬೇಡಿ.

ಮಾಲೂರಿನಲ್ಲಿ ಅಷ್ಟೊಂದು ಹೆಂಚಿನ ಫ್ಯಾಕ್ಟರಿಗಳಿದ್ದಾವಲ್ಲ, ಅಲ್ಲೇ ಸುಡಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಹೆಂಚು, ಇಟ್ಟಿಗೆ ಸುಡುವ ಗೂಡಿನಲ್ಲಿ ಹೊಗೆ ಇರುತ್ತದೆ, ಬೂದಿ ಹಾರುತ್ತದೆ, ಬಿಸಿ ಒಂದೊಂದು ಕಡೆ ಒಂದೊಂದು ಥರ. ಡಿಕಾಲ್‌ಗೆ ಹೊಗೆಯಿಲ್ಲದ, ಡಿಗ್ರಿ ಲೆಕ್ಕದಲ್ಲಿ ಏರಿಳಿಸಬಹುದಾದ ಗೂಡು ಬೇಕು. ಬೆಂಗಳೂರಿನಲ್ಲಿ ಪಾಟರಿ ಸ್ಟುಡಿಯೋ ಇಟ್ಟುಕೊಂಡವರ ಹತ್ತಿರ ಅಂಥ ಗೂಡು ಇರುತ್ತದೆ, ಕೇಳಿ ನೋಡಿ.

ಒಲೆ ಹಿಂದಿನ ಗೋಡೆಗೆ ನನ್ನ ಸಲಹೆ: ಫ್ಯಾಕ್ಟರಿಯಿಂದಲೇ ಚಿತ್ರದೊಂದಿಗೆ ಬರುವ ಟೈಲ್ಸ್ ಹಾಕಿಸಿ. ಹಿಂದೆ ಇವಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದರು, 1990ರ ದಶಕದಲ್ಲಿ ಇಟಲಿಯಿಂದ ಸಿಲಿಕೋನ್ ರೋಲರ್ ಬಂತು, 2000ದ ಹೊತ್ತಿಗೆ ಸ್ಪೇನಿನಲ್ಲಿ ಇಂಕ್‌ಜೆಟ್ ಶುರುವಾಯಿತು. ಈಗ ಗುಜರಾತಿನ ಮೋರ್ಬಿಯಲ್ಲೂ ಅದೇ. ಇನ್ನೂ ಸುಡದ ಟೈಲ್ ಮೇಲೆ ನುಣ್ಣಗೆ ಅರೆದ ಸೆರಾಮಿಕ್ ಬಣ್ಣವನ್ನು ಸಿಂಪಡಿಸಿ, ಆಮೇಲೆ ಸಾವಿರದ ನೂರು ಡಿಗ್ರಿಗೂ ಮೇಲೆ ಸುಡುತ್ತಾರೆ. ಬಣ್ಣ, ಗ್ಲೇಜ್ ಎಲ್ಲಾ ಒಟ್ಟಿಗೇ ಬೇಯುತ್ತವೆ. ಒಗ್ಗರಣೆ ಸಿಡಿದರೂ, ದಿನಾ ಸೋಪು ಹಾಕಿ ಒರೆಸಿದರೂ ಏನೂ ಆಗುವುದಿಲ್ಲ. ಆದರೆ ಒಂದು ಮನೆಗಾಗಿ ಅವರು ಲೈನ್ ನಿಲ್ಲಿಸಿ ನಿಮ್ಮ ಫೋಟೋ ಹಾಕಿಕೊಡುವುದಿಲ್ಲ, ಇರುವ ಡಿಸೈನಿನಲ್ಲೇ ಆರಿಸಬೇಕು. ನಿಮ್ಮದೇ ಚಿತ್ರ ಬೇಕು ಅಂತ ಹಟವಿದ್ದರೆ ಟಫನ್ಡ್ ಗಾಜಿನ ಹಿಂಬದಿಗೆ ಯುವಿ ಪ್ರಿಂಟ್ ಹಾಕಿಸಿ ಟೈಲ್ಸಿನ ಬದಲು ಅದನ್ನೇ ಕೂರಿಸಿ. ಎಣ್ಣೆ ಬೀಳುವುದು ಗಾಜಿನ ಮುಖಕ್ಕೆ, ಬಣ್ಣ ಹಿಂದೆ ಕ್ಷೇಮವಾಗಿರುತ್ತದೆ.

ರಂಗೋಲಿ ಬೀಳುವ ಜಾಗ ಬಾಗಿಲ ಮುಂದೆ, ಅಂದರೆ ಚಪ್ಪಲಿ, ಮರಳು, ಸೈಕಲ್ ಸ್ಟ್ಯಾಂಡ್. ಅಲ್ಲಿ ಸಬ್ಲಿಮೇಷನ್, ಯುವಿ, ಸ್ಟಿಕ್ಕರ್ ಯಾವುದೂ ಬೇಡ. ಗ್ಲೇಜಿನ ಮೇಲೆ ಸುಟ್ಟ ಡಿಕಾಲ್ ಕೂಡ ಬೇಡ, ಮರಳಿನ ಉಜ್ಜಾಟಕ್ಕೆ ಅದೂ ನಿಧಾನವಾಗಿ ಸವೆಯುತ್ತದೆ. ವಾಟರ್‌ಜೆಟ್ ಮಾಡಿಸಿ. ಗಾರ್ನೆಟ್ ಅನ್ನುವ ಗಟ್ಟಿ ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ, ಸಾವಿರಾರು ಬಾರ್ ಲೆಕ್ಕದಲ್ಲಿ, ಸಣ್ಣ ತೂತಿನಿಂದ ಬಿಟ್ಟು ಕಲ್ಲು ಅಥವಾ ವಿಟ್ರಿಫೈಡ್ ಟೈಲನ್ನು ಬೇಕಾದ ಆಕಾರಕ್ಕೆ ಕೊರೆಯುತ್ತಾರೆ. ಎಳೆ ಒಂದು ಬಣ್ಣ, ಎಸಳು ಇನ್ನೊಂದು ಬಣ್ಣ, ಎಲ್ಲವನ್ನೂ ಜೋಡಿಸಿ ಹಿಂದಿನಿಂದ ಅಂಟು ಹಾಕುತ್ತಾರೆ. ಇಲ್ಲಿ ಪ್ರಿಂಟೇ ಇಲ್ಲ, ತುಂಡಿನ ಮೈಯೇ ಆ ಬಣ್ಣ. ಗ್ರಾನೈಟ್‌ನಲ್ಲಾದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ದುಬಾರಿ, ಅದು ನಿಜ. ಬಜೆಟ್ ಇಲ್ಲದಿದ್ದರೆ ಎರಡೇ ಬಣ್ಣದ ಸರಳ ಚುಕ್ಕಿ ರಂಗೋಲಿ ಆರಿಸಿ, ಕೊರೆತ ಕಡಿಮೆಯಾದಷ್ಟೂ ರೇಟು ಇಳಿಯುತ್ತದೆ. ಟೈಲ್‌ನಲ್ಲಿ ಮಾಡಿಸುವುದಾದರೆ ಬಣ್ಣ ಮೇಲಿನಿಂದ ಕೆಳಗಿನವರೆಗೂ ಒಂದೇ ಇರುವ ಫುಲ್ ಬಾಡಿ ಟೈಲ್ ಕೇಳಿ.

ಗೇಟಿನ ಹೆಸರಿಗೆ ಲೇಸರ್ ನೋಡಿ. ಬಿಳಿ ಗ್ಲೇಜ್ ಟೈಲ್ ಮೇಲೆ ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಪೇಂಟ್ ಬಳಿದು ಲೇಸರ್ ಓಡಿಸುತ್ತಾರೆ. ಲೇಸರ್ ತಾಗಿದ ಕಡೆ ಕರಿ ಗುರುತು ಗ್ಲೇಜಿಗೆ ಬೆಸೆದುಕೊಳ್ಳುತ್ತದೆ, ಮಿಕ್ಕ ಪೇಂಟನ್ನು ತೊಳೆದುಬಿಡುವುದು. ಕಪ್ಪು-ಬಿಳುಪು ಬಿಟ್ಟರೆ ಬೇರೆ ಬಣ್ಣ ಇಲ್ಲ, ಆದರೆ ಬಿಸಿಲು ಮಳೆಗೆ ಚಿಂತೆಯಿಲ್ಲ. ಫೈಲ್ ಕೊಡುವಾಗ ಕನ್ನಡ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ ಕೊಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿ ಬದಲಿಸಿ. ಇಲ್ಲದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು, "ಲಕ್ಷ್ಮೀ ನಿಲಯ" ಏನೇನೋ ಆಗಿ ಗೇಟಿಗೆ ಹತ್ತಿರುತ್ತದೆ. ಸುಟ್ಟ ಮೇಲೆ ತಿದ್ದುವ ಹಾಗಿಲ್ಲ. ಕಾಂಪೌಂಡ್ ಹೊರಗೆ ಯಾರೂ ಗಲೀಜು ಮಾಡಬಾರದು ಅಂತ ದೇವರ ಟೈಲ್ಸ್ ಅಂಟಿಸುವ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ಧೂಳು ಕುಡಿದು ಬಣ್ಣ ಹೋದ ದೇವರನ್ನು ನೋಡುವುದಕ್ಕೇ ಬೇಜಾರಾಗುತ್ತದೆ.

ಹಳೆಯ ಟೈಲ್ಸಿನ ಬಾಳಿಕೆ ಹೇಗಿತ್ತು ಅಂತ ನೋಡಬೇಕಾದರೆ ತಮಿಳುನಾಡಿನ ಕಾರೈಕುಡಿ ಕಡೆಯ ಚೆಟ್ಟಿನಾಡು ಮನೆಗಳಿಗೆ ಹೋಗಿ. ಅಲ್ಲಿ ಜಪಾನಿನಿಂದ ಬಂದ ಉಬ್ಬು ಚಿತ್ರದ ಟೈಲ್ಸ್ ಇವೆ. ಬಣ್ಣದ ಗ್ಲೇಜನ್ನೇ ಹಳ್ಳಗಳಲ್ಲಿ ತುಂಬಿ ಸುಟ್ಟಿದ್ದು. ಇಷ್ಟು ವರ್ಷದ ಮೇಲೂ ಹೊಳಪು ಹಾಗೇ ಇದೆ.

ಚಿತ್ರ ಹಲವು ಟೈಲ್ಸಿಗೆ ಹರಡುವುದಾದರೆ ಇನ್ನೊಂದಿಷ್ಟು. ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ನಾಲ್ಕಡಿಗೆ ಹಿಗ್ಗಿಸಿದರೆ ಇಂಚಿಗೆ ಮೂವತ್ತಮೂರೇ ಚುಕ್ಕಿ, ಕಣ್ಣು-ಮೂಗು ಕಲಸಿಹೋಗುತ್ತದೆ. ಇಂಚಿಗೆ ನೂರಾದರೂ ಬೇಕು, ಅಂದರೆ ಉದ್ದಕ್ಕೆ 4800 ಪಿಕ್ಸೆಲ್. ದೇವರ ಕಣ್ಣಿನ ಮೇಲೆ ಟೈಲ್ಸಿನ ಸಂದಿ ಬರದ ಹಾಗೆ ಡಿಸೈನ್ ಮಾಡಿಸಿ. ಪ್ರತಿ ಟೈಲ್ ಹಿಂದೆ ನಂಬರ್ ಮತ್ತು ಮೇಲ್ಮುಖದ ಬಾಣ ಬರೆಸಿ, ಗೋಡೆಗೆ ಹಚ್ಚುವ ಮುಂಚೆ ನೆಲದ ಮೇಲೆ ಜೋಡಿಸಿ ಮೇಸ್ತ್ರಿಗೆ ತೋರಿಸಿ. ಒಂದು ಮನೆಯಲ್ಲಿ ನವಿಲಿನ ಕತ್ತು ಬಾಲದ ಪಕ್ಕ ಕೂತಿರೋದನ್ನು ನೋಡಿದ್ದೇನೆ.

ಕೊನೆಗೆ ಆಸಿಡ್. ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ಹೋಗಲಿ ಅಂತ ಮೇಸ್ತ್ರಿಗಳು ಆಸಿಡ್ ಸುರಿದು ತೊಳೆಯುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಬಿಳಿ ಕಲೆಗೂ ಜನ ಅದನ್ನೇ ಹಚ್ಚುತ್ತಾರೆ. ಡಿಕಾಲ್ ಬಣ್ಣಕ್ಕೂ ಅದು ಒಳ್ಳೆಯದಲ್ಲ, ಸಬ್ಲಿಮೇಷನ್, ಯುವಿಗಂತೂ ಬೇಡವೇ ಬೇಡ. ಕಲೆ ಹತ್ತುವ ಮುಂಚೆಯೇ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ, ಕೆಲಸ ನಡೆಯುವಾಗ ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿಡಿ. ಪ್ರಿಂಟ್ ಮಾಡಿದವರಿಂದ ಅಂತಿಮ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಳ್ಳಿ, ಅದೇ ಲಾಟಿನ ಖಾಲಿ ಟೈಲ್ಸ್ ಒಂದೆರಡು ಎತ್ತಿಡಿ. ನಾಳೆ ಪ್ಲಂಬರ್ ಬಂದು ಒಂದು ತುಂಡು ಒಡೆದರೆ ಅದೊಂದನ್ನೇ ಮತ್ತೆ ಮಾಡಿಸಬಹುದು.