ತಮ್ಮನಿಗೆ ಪದೇ ಪದೇ ನ್ಯುಮೋನಿಯಾ, ರಕ್ತದಲ್ಲಿ ಐಜಿಜಿ ತೀರಾ ಕಡಿಮೆ: ಇದು ವಂಶದಿಂದ ಬರುವ ಕಾಯಿಲೆಯೇ?

ನಿಮ್ಮ ತಮ್ಮನಿಗೆ 28 ವರ್ಷ, ಎರಡು ವರ್ಷದಲ್ಲಿ ಮೂರು ಸಲ ನ್ಯುಮೋನಿಯಾ, ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳು ಟಿಬಿ ಮಾತ್ರೆ, ಈಗ ಐಜಿಜಿ (ರೋಗಾಣುಗಳೊಡನೆ ಹೋರಾಡುವ ರಕ್ತದ ಮುಖ್ಯ ಪ್ರತಿಕಾಯ) ತೀರಾ ಕಡಿಮೆ ಎಂದು ಬರೆದಿದ್ದೀರಿ. ಓದುತ್ತಾ ನನ್ನದೇ ಹಳೆಯ ಫೈಲು ಬಿಚ್ಚಿದ ಹಾಗಾಯಿತು. ನಾನು ವೈದ್ಯನಲ್ಲ, ಮೈ ಪ್ರತಿಕಾಯ ತಯಾರಿಸದ ಇಂಥದೇ ಕಾಯಿಲೆಯವನು. ಅದರ ಹೆಸರು ಗೊತ್ತಾಗುವಾಗ ನನಗೆ 31.

ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು, ಮಳೆಗಾಲ ಹಿಡಿದರೆ ಕೆಮ್ಮು ಬಿಡುತ್ತಿರಲಿಲ್ಲ. ‘ಇವನದು ಶೀತದ ಮೈ’ ಎಂದು ಮನೆಯವರು ಸುಮ್ಮನಾಗಿದ್ದರು. ದೊಡ್ಡವನಾದ ಮೇಲೆ ದಿನಾ ಬೆಳಿಗ್ಗೆ ಅರ್ಧ ಲೋಟ ಹಸಿರು ಕಫ. ಟಿಬಿ ಔಷಧಿ ಎರಡು ಸಲ ನುಂಗಿದೆ. ಕೊನೆಗೆ ಒಬ್ಬ ಶ್ವಾಸಕೋಶ ತಜ್ಞೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು, “ಟಾನ್ಸಿಲ್ ತೆಗೆಸಿದ್ದೀರಾ?” ಎಂದರು. ತೆಗೆಸಿರಲಿಲ್ಲ, ಆದರೂ ಅಲ್ಲಿ ಕಡಲೆಕಾಳಿನಷ್ಟೂ ಇರಲಿಲ್ಲ. ಮುಂದಿನ ಪ್ರಶ್ನೆ ಅಮ್ಮನಿಗೆ: ನಿಮ್ಮ ತವರಲ್ಲಿ ಗಂಡುಮಕ್ಕಳು ಚಿಕ್ಕವರಿದ್ದಾಗ ತೀರಿಕೊಂಡಿದ್ದಾರಾ? ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಇಬ್ಬರು ಸೋದರಮಾವಂದಿರು ಐದು ವರ್ಷ ತುಂಬುವ ಮೊದಲೇ ಎದೆ ಕಟ್ಟಿ ಹೋಗಿದ್ದರಂತೆ. ಅವರ ಹೆಸರು ಕೇಳಿದ್ದು ಅವತ್ತೇ ಮೊದಲು.

ನನ್ನದು ಎಕ್ಸ್-ಲಿಂಕ್ಡ್ ಅಗಾಮಾಗ್ಲಾಬ್ಯುಲಿನೀಮಿಯಾ, ಅಂದರೆ ಎಕ್ಸ್ ಕ್ರೋಮೋಸೋಮಿನಲ್ಲಿರುವ ಬಿಟಿಕೆ ಎಂಬ ಜೀನ್‌ನ ದೋಷ. ಪ್ರತಿಕಾಯ ತಯಾರಿಸುವ ಬಿ ಕಣಗಳು ಬಲಿಯುವುದೇ ಇಲ್ಲ. ಟಾನ್ಸಿಲ್ ತುಂಬುವುದು ಹೆಚ್ಚಾಗಿ ಆ ಕಣಗಳಿಂದಲೇ, ಅದಕ್ಕೇ ನನ್ನ ಗಂಟಲು ಖಾಲಿ. ಗಂಡಿಗೆ ಇರುವ ಒಂದೇ ಎಕ್ಸ್ ತಾಯಿಯಿಂದ ಬರುತ್ತದೆ, ಅದಕ್ಕೇ ಅಮ್ಮನ ತವರಿನ ಪ್ರಶ್ನೆ. ಈ ಕಾಯಿಲೆಯನ್ನು 1952ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್. ಜೀನ್ ಸಿಕ್ಕಿದ್ದು 1993ರಲ್ಲಿ. ತಾಯಿಯಿಂದ ಬಂದ ಪ್ರತಿಕಾಯ ಆರು ತಿಂಗಳ ಹೊತ್ತಿಗೆ ಕರಗುವುದರಿಂದ ಸಾಮಾನ್ಯವಾಗಿ ಮಗುವಿದ್ದಾಗಲೇ ಸೋಂಕು ಶುರುವಾಗುತ್ತದೆ. ನನ್ನಂತೆ ದೋಷ ಸೌಮ್ಯವಾಗಿದ್ದವರು ತಡವಾಗಿ ಸಿಕ್ಕಿಬೀಳುತ್ತೇವೆ. ನಿಮ್ಮ ತಮ್ಮನದು ಇದೇ ಆಗಬೇಕಿಲ್ಲ. ಸಿವಿಐಡಿ (ಕಾಮನ್ ವೇರಿಯಬಲ್ ಇಮ್ಯುನೊಡೆಫಿಷಿಯೆನ್ಸಿ) ಎಂಬ, ಪ್ರತಿಕಾಯ ಕಡಿಮೆಯಾಗುವ ಇನ್ನೊಂದು ಕಾಯಿಲೆಯಿದೆ. ಅದು ಹೆಚ್ಚಾಗಿ 20ರಿಂದ 40ರೊಳಗೆ ಪತ್ತೆಯಾಗುತ್ತದೆ, ಹೆಣ್ಣು ಗಂಡು ಇಬ್ಬರಿಗೂ ಬರುತ್ತದೆ, ಬಹಳ ಮನೆಗಳಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಸಿಡಿ19 ಕಣಗಳ, ಅಂದರೆ ರಕ್ತದಲ್ಲಿರುವ ಬಿ ಕಣಗಳ ಎಣಿಕೆ ಮಾಡಿಸಿ: ನನ್ನಂಥವರಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಮೂತ್ರದಲ್ಲೋ ಕರುಳಿನಿಂದಲೋ ಪ್ರೋಟೀನ್ ಸೋರಿ ಹೋಗುತ್ತಿಲ್ಲ ಎಂಬುದೂ ಖಾತ್ರಿಯಾಗಬೇಕು.

ಒಂದು ಮಾತು ಮಾತ್ರ ಇವತ್ತಿಗೂ ನೋಯಿಸುತ್ತದೆ. ಹಳೆಯ ಲಿವರ್ ಟೆಸ್ಟ್ ವರದಿಗಳನ್ನು ಹರವಿಕೊಂಡು ಕೂತಾಗ ಆರು ವರ್ಷದಿಂದಲೂ ಗ್ಲಾಬ್ಯುಲಿನ್ ಡೆಸಿಲೀಟರಿಗೆ 1.4, 1.5 ಗ್ರಾಂ ಎಂದೇ ಇತ್ತು. ಎರಡಕ್ಕಿಂತ ಕಡಿಮೆ! ಪ್ರತಿಕಾಯಗಳೆಲ್ಲ ಸೇರುವುದು ಆ ಸಾಲಿನಲ್ಲೇ. ಯಾರೂ ಅದರ ಮೇಲೆ ಬೆರಳಿಟ್ಟಿರಲಿಲ್ಲ. ಅಷ್ಟರಲ್ಲಿ ಎಡ ಶ್ವಾಸಕೋಶದ ಕೆಳಭಾಗದ ನಳಿಕೆಗಳು ಹಿಗ್ಗಿ ಬ್ರಾಂಕಿಯೆಕ್ಟಾಸಿಸ್ ಆಗಿತ್ತು. ಅದು ಮತ್ತೆ ಮೊದಲಿನಂತಾಗುವುದಿಲ್ಲ. ನಿಮ್ಮ ತಮ್ಮನಿಗೆ ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಈಗಲೇ ಮಾಡಿಸಿ.

ಚಿಕಿತ್ಸೆ ಎಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯ. ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ, ಮೂರು ನಾಲ್ಕು ವಾರಕ್ಕೊಮ್ಮೆ ಡ್ರಿಪ್, ಜೀವನಪೂರ್ತಿ. ಐಜಿಜಿ ಸುಮಾರು ಮೂರು ವಾರದಲ್ಲಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ದಿನ ತಪ್ಪಿಸುವಂತಿಲ್ಲ. ಮೊದಲ ವರ್ಷದಲ್ಲೇ ನನ್ನ ಆಸ್ಪತ್ರೆವಾಸ ನಿಂತಿತು. ಬೆಳಿಗ್ಗೆ ಸಂಜೆ ಕಫ ಹೊರಹಾಕುವ ಉಸಿರಾಟದ ವ್ಯಾಯಾಮ ಮಾತ್ರ ಬಿಟ್ಟಿಲ್ಲ. ಖರ್ಚು ನಿಜಕ್ಕೂ ದೊಡ್ಡದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಈ ಚಿಕಿತ್ಸೆಯೂ ಇದೆ, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಒಂದು. ಅಲ್ಲಿ ವಿಚಾರಿಸಿ.

ಇನ್ನು ವಂಶದ ಮಾತು. ನಿಮ್ಮಮ್ಮನನ್ನು ಕೂರಿಸಿಕೊಂಡು ತವರಿನ ಕತೆ ಮೆಲ್ಲಗೆ ಕೇಳಿ. ತಪ್ಪು ಅವರದಲ್ಲ ಎಂದು ಮೊದಲೇ ಹೇಳಿಬಿಡಿ, ನನ್ನಮ್ಮ ತಿಂಗಳುಗಟ್ಟಲೆ ಅತ್ತಿದ್ದಾಳೆ. ಜೀನ್ ದೋಷ ಖಚಿತವಾದರೆ ನೀವು ಹೆಣ್ಣಾಗಿದ್ದಲ್ಲಿ ನಿಮ್ಮ ಪರೀಕ್ಷೆಯೂ ಆಗಲಿ. ನನ್ನ ತಂಗಿ ವಾಹಕಿ (ತನಗೆ ಕಾಯಿಲೆಯಿಲ್ಲದಿದ್ದರೂ ದೋಷದ ಜೀನ್ ಹೊತ್ತವಳು) ಎಂದು ಗೊತ್ತಿದ್ದರಿಂದ ಅವಳ ಮಗನಿಗೆ ಹುಟ್ಟಿದ ವಾರದಲ್ಲೇ ರಕ್ತ ಪರೀಕ್ಷೆಯಾಯಿತು, ಬಾಯಿಗೆ ಹಾಕುವ ಪೋಲಿಯೊ ಹನಿ ತಡೆದೆವು, ಅದರಲ್ಲಿರುವ ಜೀವಂತ ವೈರಸ್ ಇಂಥ ಮಕ್ಕಳಿಗೆ ಅಪಾಯ. ಅವನಿಗೀಗ ನಾಲ್ಕು ವರ್ಷ. ಅವನಿಗೂ ಡ್ರಿಪ್ ನಡೆಯುತ್ತಿದೆ, ಒಂದು ಸಲವೂ ನ್ಯುಮೋನಿಯಾ ಆಗಿಲ್ಲ.