ಹಾಯಿದೋಣಿಯ ಬೋ ರೋಲರಿನ ಮೇಲೆ ಲಂಗರು ಅಲುಗದಂತೆ ಕೂರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ದೋಣಿ 28 ಅಡಿಯ ಫೈಬರ್ ಹಾಯಿದೋಣಿ, ಮೂತಿಯ ರೋಲರಿನಲ್ಲಿ (ಬೋ ರೋಲರ್, ಲಂಗರು-ಸರಪಳಿ ಹಾಯುವ ಗಾಲಿ) 10 ಕೆ.ಜಿ. ಡೆಲ್ಟಾ ಲಂಗರು, 8 ಮಿ.ಮೀ. ಸರಪಳಿ, ಅದನ್ನು ಎಳೆಯುವ ಎಲೆಕ್ಟ್ರಿಕ್ ವಿಂಡ್‌ಲಾಸ್. ಕಾರವಾರದಿಂದ ಮರ್ಮಗೋವಾ ಕಡೆ ಹೋಗುವಾಗ ಲಂಗರು ದಾರಿಯುದ್ದಕ್ಕೂ ಬಡಿದುಕೊಂಡಿತು. ಕಾರವಾರದ ಬೈತಖೋಲ್ ಬಂದರಿಗೆ ವಾಪಸ್ ಬಂದು ನೋಡಿದರೆ ರೋಲರಿನ ಪಿನ್ ಬಾಗಿತ್ತು. ಇನ್ನೂ ದಪ್ಪ ಪಿನ್ ಹಾಕಿದರೆ ಸಾಕೇ ಎನ್ನುವುದು ನಿಮ್ಮ ಪ್ರಶ್ನೆ.

ಸಾಲದು. ಪಿನ್ ಇರುವುದು ಲಂಗರು ಬೀಳದಿರಲಿ ಎಂದು. ಅಲುಗದಂತೆ ಹಿಡಿಯುವುದು ಅದರ ಕೆಲಸವಲ್ಲ. ನಿಮ್ಮ ದೋಣಿಯಲ್ಲಿ ಎರಡೂ ಕೆಲಸ ಅದರ ಮೇಲೇ ಬಿದ್ದಿದೆ, ಅದಕ್ಕೇ ಬಾಗಿದೆ. ದಪ್ಪ ಪಿನ್ ಹಾಕಿದರೆ ಮುಂದಿನ ಸಲ ಪಿನ್ ಉಳಿದು, ರೋಲರಿನ ಕೆನ್ನೆಯ (ಎರಡು ಪಕ್ಕದ) ತಗಡು ಹಿಗ್ಗುತ್ತದೆ ಅಥವಾ ಡೆಕ್ಕಿನ ಬೋಲ್ಟು ಸಡಿಲಾಗುತ್ತದೆ.

ಆ ದಾರಿಯಲ್ಲಿ ಏನಾಗುತ್ತದೆ ನೋಡಿ. ಮಳೆಗಾಲ ಬಿಟ್ಟರೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬೀಸುತ್ತದೆ. ಗೋವಾ ಕಡೆ ಹೋಗುವವರಿಗೆ ಅದು ನೇರ ಎದುರುಗಾಳಿ. ಮೂತಿ ಒಂದೊಂದು ಅಲೆಗೂ ಎದ್ದು ಬೀಳುತ್ತದೆ. ರೋಲರಿನಿಂದ ಹೊರಗೆ ಚಾಚಿಕೊಂಡಿರುವ ಗುಳಕ್ಕೆ (ಡೆಲ್ಟಾ ನೇಗಿಲಿನ ಜಾತಿಯದ್ದು, ನೆಲಕ್ಕೆ ಹೂತುಕೊಳ್ಳುವ ಅದರ ಫ್ಲೂಕನ್ನು ಗುಳ ಎಂದೇ ಕರೆಯೋಣ) ನೀರು ಕೆಳಗಿನಿಂದ ಹೊಡೆಯುತ್ತದೆ. ಎಲ್ಲೋ 2 ಮಿ.ಮೀ. ಸಂದು ಇದ್ದರೂ ಲಂಗರಿಗೆ ಅಷ್ಟರಲ್ಲೇ ವೇಗ ಸಿಗುತ್ತದೆ, ಮತ್ತೆ ಒಮ್ಮೆಲೇ ಪಿನ್ನಿಗೆ ಬಡಿದು ನಿಲ್ಲುತ್ತದೆ. ಸುತ್ತಿಗೆಯನ್ನು ಮೊಳೆಯ ಮೇಲಿಟ್ಟು ಒತ್ತಿದರೆ ಮೊಳೆ ಇಳಿಯುವುದಿಲ್ಲ, ಎತ್ತಿ ಹೊಡೆದರೆ ಇಳಿಯುತ್ತದೆ. ಲಂಗರು ಸುತ್ತಿಗೆಯಾಗದಂತೆ ಆ ಸಂದನ್ನೇ ಇಲ್ಲವಾಗಿಸಬೇಕು.

ಮೊದಲು ಕೈಯಲ್ಲೇ ಪರೀಕ್ಷೆ ಮಾಡಿ. ದೋಣಿ ಬಂದರಿನಲ್ಲಿ ಶಾಂತವಾಗಿ ನಿಂತಿರುವಾಗ, ಪ್ರಯಾಣಕ್ಕೆ ಹೊರಡುವಂತೆಯೇ ಲಂಗರನ್ನು ಪೂರ್ತಿ ಭದ್ರ ಮಾಡಿ, ಮೂತಿಯಿಂದ ಬಗ್ಗಿ ಗುಳದ ತುದಿ ಹಿಡಿದು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಜಗ್ಗಿ. ಇನ್ನೊಂದು ಕೈಯನ್ನು ಶ್ಯಾಂಕಿನ (ಲಂಗರಿನ ಉದ್ದನೆಯ ದಂಡದ) ಹಿಂತುದಿಯ ಮೇಲೆ ಇಟ್ಟಿರಿ. ಟಕ್ ಎನ್ನುವ ಶಬ್ದ ಕೇಳಿದರೆ, ಅಥವಾ ಹಿಂತುದಿ ಅಂಗೈಗೆ ತಟ್ಟಿದರೆ, ಇನ್ನೂ ಕೆಲಸ ಬಾಕಿ ಇದೆ.

ಲಂಗರು ಕೂರುವ ಭಂಗಿಯೇ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅದು ಕನಿಷ್ಠ ಎರಡು ಕಡೆ ಒತ್ತಿ ಕೂತಿರಬೇಕು: ಗುಳದ ಕುತ್ತಿಗೆ ರೋಲರಿಗೆ ಬಿಗಿಯಾಗಿ ತಾಗಿರಬೇಕು, ಶ್ಯಾಂಕಿನ ಹಿಂಭಾಗ ರೋಲರಿನ ಕಾಲುವೆಯ ತಳಕ್ಕೋ ಡೆಕ್ಕಿನ ಮೇಲಿನ ಪ್ಯಾಡಿಗೋ ಊರಿರಬೇಕು. ಬರೀ ರೋಲರಿನ ಮೇಲೆ ನಿಂತ ಲಂಗರು ಏತದ ಹಾಗೆ ತೂಗುತ್ತದೆ. ಸರಪಳಿ ಶ್ಯಾಂಕಿನಿಂದ ವಿಂಡ್‌ಲಾಸಿಗೆ ಯಾವ ಕೋನದಲ್ಲಿ ಹೋಗುತ್ತದೆ ಎಂಬುದನ್ನೂ ಪಕ್ಕದಿಂದ ನೋಡಿ. ವಿಂಡ್‌ಲಾಸಿನ ಗಾಲಿ ಶ್ಯಾಂಕಿನ ತುದಿಗಿಂತ ಎತ್ತರದಲ್ಲಿದ್ದರೆ, ಸರಪಳಿ ಬಿಗಿದಷ್ಟೂ ಹಿಂತುದಿ ಮೇಲೇಳುತ್ತದೆ, ಗುಳ ಕೆಳಗೆ ಜೋಲುತ್ತದೆ. ಬಹಳ ದೋಣಿಗಳಲ್ಲಿ ಬಡಿತಕ್ಕೆ ಇದೇ ಮೂಲ. ಬಿಗಿದಿದ್ದೇನಲ್ಲ ಎಂದು ಮಾಲೀಕರು ನೆಮ್ಮದಿಯಿಂದ ಇರುತ್ತಾರೆ, ಆದರೆ ಎಳೆತದ ದಿಕ್ಕೇ ತಪ್ಪಾಗಿರುತ್ತದೆ. ಹೀಗಿದ್ದರೆ ಶ್ಯಾಂಕಿನ ಮೇಲೆ ಅಡ್ಡಲಾಗಿ ಒಂದು ಪಟ್ಟಿಯೋ ಅಡ್ಡ ಪಿನ್ನೋ ಬೇಕು, ಅಥವಾ ಎಳೆತ ಹಿಂದಕ್ಕೂ ಕೆಳಕ್ಕೂ ಬರುವಂತೆ ಹಗ್ಗ ಕಟ್ಟಬೇಕು.

ನಿಮ್ಮದು ಡೆಲ್ಟಾ ಆಗಿರುವುದು ಅನುಕೂಲವೇ. ನೇಗಿಲ ಮಾದರಿಗೆ ದಾರಿ ತೋರಿಸಿದ ಸಿಕ್ಯೂಆರ್, ಅಂದರೆ 1933ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ರೂಪಿಸಿದ್ದು, ಶ್ಯಾಂಕ್ ಮತ್ತು ಗುಳದ ನಡುವೆ ಕೀಲು ಇರುವಂಥದ್ದು. ಅದರ ಶ್ಯಾಂಕನ್ನು ಎಷ್ಟು ಬಿಗಿದರೂ ಗುಳ ಬೇರೆಯಾಗಿ ಆಡುತ್ತದೆ, ಎರಡನ್ನೂ ಕಟ್ಟಬೇಕು. ಡೆಲ್ಟಾ ಒಂದೇ ತುಂಡು.

ಇನ್ನು ಹಿಂದಕ್ಕೆ ಎಳೆದು ಹಿಡಿಯುವುದು. ವಿಂಡ್‌ಲಾಸ್ ಲಂಗರನ್ನು ಎತ್ತುವ ಯಂತ್ರ, ಅದಕ್ಕೆ ಹಿಡಿದುಕೊಂಡಿರುವ ಕೆಲಸ ಕೊಡಬೇಡಿ. ಅದರ ಕ್ಲಚ್ ಬಡಿತಕ್ಕೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಶಾಫ್ಟಿನ ಬೇರಿಂಗ್ ಸವೆಯುತ್ತದೆ. ಲಂಗರಿನ ಕೊನೆಯ ಅರ್ಧ ಅಡಿಯನ್ನು ಮೋಟರಿನಿಂದ ಗಟ್ಟಿಸಿ ಎಳೆಯಬೇಡಿ. ಗುಳ ರೋಲರಿಗೆ ಮುಟ್ಟಿದ ಮೇಲೂ ಬಟನ್ ಒತ್ತಿಯೇ ಇದ್ದರೆ ಗೇರ್ ಹಾಳು, ರೋಲರಿನ ಅಚ್ಚೂ ಬಾಗುತ್ತದೆ. ರೋಲರಿಗೂ ವಿಂಡ್‌ಲಾಸಿಗೂ ನಡುವೆ ಡೆಕ್ಕಿಗೆ ಒಂದು ಯು-ಬೋಲ್ಟ್ ಹಾಕಿ, ಕೆಳಗೆ ಪ್ಲೇಟ್ ಕೊಟ್ಟು ಆರಪಾರ ಬಿಗಿಯಿರಿ. ಅದಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ, ತಿರುಗಿಸಿದರೆ ಬಿಗಿಯುವ 8 ಮಿ.ಮೀ. ಟರ್ನ್‌ಬಕಲ್, ಅದರ ತುದಿಗೆ ಸರಪಳಿಯ ಕೊಂಡಿಗೆ ಸರಿಹೊಂದುವ ಕೊಕ್ಕೆ. ಕೊಕ್ಕೆಯನ್ನು ಸರಪಳಿಗೆ ಸಿಕ್ಕಿಸಿ, ಕೈಯಲ್ಲೇ ತಿರುಗಿಸಿ ಬಿಗಿಯಿರಿ. ಲಂಗರು ರೋಲರಿಗೆ ಕಚ್ಚಿಕೊಳ್ಳುತ್ತದೆ, ವಿಂಡ್‌ಲಾಸಿನ ಕಡೆಯ ಸರಪಳಿ ಸಡಿಲವಾಗಿ ತೂಗುತ್ತದೆ. ಆ ಸಡಿಲು ಕಣ್ಣಿಗೆ ಕಂಡರೆ ಕೆಲಸ ಸರಿಯಾಗಿದೆ. ಟರ್ನ್‌ಬಕಲ್ ನಡುಕಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದರ ನಡುವಿನ ಸಂದಿನಲ್ಲಿ ಒಂದು ತುಂಡು ಹುರಿ ಹಾಯಿಸಿ ಕಟ್ಟಿ. ಸಮುದ್ರದಲ್ಲಿರುವಾಗ ವಿಂಡ್‌ಲಾಸಿನ ಬ್ರೇಕರ್ ಆಫ್ ಇರಲಿ. ಡೆಕ್ಕಿನ ಸ್ವಿಚ್ಚಿನ ಮೇಲೆ ಯಾರದಾದರೂ ಕಾಲು ಬೀಳುವುದು ಅಪರೂಪವಲ್ಲ.

ಪಕ್ಕದ ಆಟಕ್ಕೆ ಬೇರೆ ಮದ್ದು. ರೋಲರಿನ ಎರಡು ಕೆನ್ನೆಗಳ ನಡುವಿನ ಅಗಲ ಶ್ಯಾಂಕಿನ ದಪ್ಪಕ್ಕಿಂತ ಎಷ್ಟೋ ಹೆಚ್ಚು, ಯಾಕೆಂದರೆ ಅದೇ ಜಾಗದಲ್ಲಿ ಶ್ಯಾಕಲ್ಲೂ (ಲಂಗರನ್ನು ಸರಪಳಿಗೆ ಜೋಡಿಸುವ ಕೊಂಡಿ) ಹಾಯಬೇಕು. ಕೆಲವರು ಒಳಗಡೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಕಿರಿದು ಮಾಡುತ್ತಾರೆ. ಮುಂದೆ ಲಂಗರು ಎತ್ತುವಾಗ ಶ್ಯಾಕಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದೂ ಗಾಳಿ ಎದ್ದು ಬೇಗ ಜಾಗ ಬದಲಿಸಬೇಕಾದ ಹೊತ್ತಿನಲ್ಲೇ. ತೆಗೆದು ಹಾಕುವ ಬೆಣೆಯೇ ಒಳ್ಳೆಯದು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆ ಇದೆಯಲ್ಲ, ಅದನ್ನು ಗರಗಸದಲ್ಲಿ ಕೊಯ್ದು ಎರಡು ಬೆಣೆ ಮಾಡಿ. ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ. ದಪ್ಪನೆಯ ತುದಿಗೆ ತೂತು ಕೊರೆದು, ಕಳೆದುಹೋಗದಂತೆ ಹುರಿ ಹಾಕಿ ಪಲ್ಪಿಟ್ಟಿನ (ಮೂತಿಯ ಸುತ್ತಲಿನ ಕಟಕಟೆಯ) ಕಂಬಿಗೆ ಕಟ್ಟಿ. ಲಂಗರು ಕೂತ ಮೇಲೆ ಶ್ಯಾಂಕಿನ ಎರಡೂ ಪಕ್ಕ ಒಂದೊಂದು ಬೆಣೆಯನ್ನು ಅಂಗೈಯಲ್ಲಿ ತಟ್ಟಿ ಇಳಿಸಿ. ಮರದ ಬೆಣೆ ಬೇಡ, ನೆನೆದು ಉಬ್ಬಿದರೆ ಕೀಳಲು ಬಾರದು.

ಎಲ್ಲಕ್ಕಿಂತ ಮುಖ್ಯ ಹಗ್ಗದ ಕಟ್ಟು. ಇದನ್ನೇ ಜನ ಅವಸರದಲ್ಲಿ ಮಾಡುವುದು, ಇಲ್ಲವೇ ಬಿಟ್ಟೇಬಿಡುವುದು. 6 ಮಿ.ಮೀ. ಪಾಲಿಯೆಸ್ಟರ್ ಹೆಣಿಗೆ ಹಗ್ಗ ಸುಮಾರು 4 ಮೀಟರ್ ತೆಗೆದುಕೊಳ್ಳಿ. ಮೀನುಗಾರಿಕೆ ಸಾಮಾನಿನ ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ನೈಲಾನ್ ಅಥವಾ ಹಸಿರು-ನೀಲಿ ಪಾಲಿಪ್ರೊಪಿಲೀನ್. ಈ ಕೆಲಸಕ್ಕೆ ಎರಡೂ ಬೇಡ. ನೈಲಾನ್ ಎಳೆತಕ್ಕೆ ಹಿಗ್ಗುತ್ತದೆ, ನೆನೆದರೆ ಇನ್ನೂ ಹಿಗ್ಗುತ್ತದೆ. ಬಂದರಿನಲ್ಲಿ ತಂತಿಯ ಹಾಗೆ ಬಿಗಿದದ್ದು ಹೊರಗೆ ಹೋದ ಸ್ವಲ್ಪ ಹೊತ್ತಿಗೇ ಸಡಿಲ. (ಲಂಗರು ಹಾಕಿ ನಿಂತಾಗ ಸರಪಳಿಯ ಜಗ್ಗು ತಡೆಯಲು ಕಟ್ಟುವ ಸ್ನಬ್ಬರಿಗೆ ಮಾತ್ರ ಇದೇ ಹಿಗ್ಗುವ ಗುಣ ಬೇಕು, ಅಲ್ಲಿ ನೈಲಾನೇ ಸರಿ.) ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಗಂಟೂ ಜಾರುತ್ತದೆ.

ಹಗ್ಗದ ಒಂದು ತುದಿಗೆ ಕುಣಿಕೆ ಹಾಕಿ ಎಡಗಡೆಯ ಕ್ಲೀಟಿಗೆ (ಡೆಕ್ಕಿನ ಮೇಲೆ ಹಗ್ಗ ಕಟ್ಟುವ ಕೊಂಬು) ಸಿಕ್ಕಿಸಿ. ಅಲ್ಲಿಂದ ಮುಂದಕ್ಕೆ ತಂದು ಶ್ಯಾಂಕಿನ ತೂತಿನಲ್ಲಿ ಹಾಯಿಸಿ, ಬಲಗಡೆಯ ಕ್ಲೀಟಿಗೆ ಒಂದು ಸುತ್ತು. ಮತ್ತೆ ತೂತಿನ ಮೂಲಕ ಎಡಗಡೆಯ ಕ್ಲೀಟಿಗೆ. ಹೀಗೆ ಪ್ರತಿ ಪಕ್ಕಕ್ಕೂ ಎರಡೆರಡು ಎಳೆ ಬರಲಿ. ಕ್ಲೀಟುಗಳು ಲಂಗರಿಗಿಂತ ಹಿಂದೆ ಮತ್ತು ತಗ್ಗಿನಲ್ಲಿ ಇರುವುದರಿಂದ ಎಳೆತ ಬೇಕಾದ ದಿಕ್ಕಿಗೇ ಬರುತ್ತದೆ. ಉಳಿದ ಹಗ್ಗದಲ್ಲಿ ಎರಡೂ ಪಕ್ಕದ ಎಳೆಗಳನ್ನು ಶ್ಯಾಂಕಿನ ಹಿಂದೆ ಒಂದಕ್ಕೊಂದು ಸೇರಿಸಿ ಅಡ್ಡಸುತ್ತು ಹಾಕಿ ಜಗ್ಗಿ. ಅಡಿಕೆ ಮರದ ಚಪ್ಪರ ಕಟ್ಟುವಾಗ ಅಡ್ಡಸುತ್ತು ಬಿದ್ದ ಮೇಲೇ ಕಟ್ಟು ನಿಜವಾಗಿ ಬಿಗಿಯುತ್ತದಲ್ಲ, ಹಾಗೇ. ಮೂರು ಅಡ್ಡಸುತ್ತು ಸಾಕು. ಕೊನೆಗೆ ತುದಿ ಎಳೆದರೆ ಬಿಚ್ಚುವ ಗಂಟು ಹಾಕಿ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಬಿಚ್ಚಬೇಕಾಗಬಹುದು. ಶ್ಯಾಂಕಿನ ತೂತಿನ ಅಂಚು ಚೂಪಾಗಿದ್ದರೆ ಅರದಿಂದ ಉಜ್ಜಬೇಡಿ, ಸತುವಿನ ಲೇಪ ಹೋಗುತ್ತದೆ. ಹಗ್ಗಕ್ಕೇ ಒಂದು ತುಂಡು ಪ್ಲಾಸ್ಟಿಕ್ ಕೊಳವೆ ತೊಡಿಸಿ.

ಇಷ್ಟಾದ ಮೇಲೆ ಪಿನ್. ಅದು ಕೆನ್ನೆಯ ತೂತಿಗೆ ಆಟವಿಲ್ಲದೆ ಕೂರಬೇಕು: 10 ಮಿ.ಮೀ. ತೂತಿಗೆ 8 ಮಿ.ಮೀ. ಪಿನ್ ಹಾಕಿದರೆ ಬಾಗದೆ ಇರುವುದಿಲ್ಲ. ಕೆನ್ನೆಯ ತೂತು ಈಗಾಗಲೇ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅದನ್ನು ದುಂಡಗೆ ಕೊರೆಸಿ, ಆ ಅಳತೆಗೆ ಪಿನ್ ಮಾಡಿಸಿ. ಲೇತಿನವರಿಗೆ 316 ರಾಡ್ ಬೇಕೆಂದು ಒತ್ತಿ ಹೇಳಿ. ಗೇಟು, ರೇಲಿಂಗ್ ಕೆಲಸಕ್ಕೆ ತಂದಿಟ್ಟಿರುವುದು ಸಾಮಾನ್ಯವಾಗಿ 304. ಹೊಳಪು ನೋಡಿದರಾಗಲಿ, ಅಯಸ್ಕಾಂತ ಹಿಡಿದರಾಗಲಿ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. 316ರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿಗೆ ತಡೆದುಕೊಳ್ಳುವುದು ಅದರಿಂದಲೇ. ಪಿನ್ ಹಾಕಲಿಕ್ಕೆಂದು ಶ್ಯಾಂಕಿಗೆ ಹೊಸ ತೂತು ಮಾತ್ರ ಕೊರೆಯಬೇಡಿ. ಲೇಪ ಹರಿದು ಒಳಗಿನಿಂದ ತುಕ್ಕು ಶುರುವಾಗುತ್ತದೆ, ಶ್ಯಾಂಕಿನ ಬಲವೂ ಕುಗ್ಗುತ್ತದೆ. ತೂತು ಸರಿಹೊಂದದಿದ್ದರೆ ಪಿನ್ ಶ್ಯಾಂಕಿನ ಮೇಲಿಂದ ಅಡ್ಡ ಹಾಯುವಂತೆ ಕೆನ್ನೆಯಲ್ಲೇ ಹೊಸ ತೂತು ಮಾಡಿಸಿ.

ಇಷ್ಟೆಲ್ಲ ಬಡಿದಿರುವುದರಿಂದ ರೋಲರ್ ಡೆಕ್ಕಿಗೆ ಕೂತಿರುವ ಜಾಗವನ್ನೂ ನೋಡಲೇಬೇಕು. ಸರಪಳಿ ಗೂಡಿನೊಳಗೆ ಟಾರ್ಚ್ ಹಾಕಿ: ನಟ್ಟಿನ ಸುತ್ತ ಕಂದು ಗೆರೆ, ಒದ್ದೆ, ಅಥವಾ ಮೇಲೆ ಡೆಕ್ಕಿನ ಹೊರಲೇಪವಾದ ಜೆಲ್‌ಕೋಟಿನಲ್ಲಿ ಬೋಲ್ಟಿನಿಂದ ಕವಲೊಡೆದ ಕೂದಲೆಳೆಯ ಬಿರುಕು ಕಂಡರೆ ಬಿಚ್ಚಿ ಮರಳಿ ಕೂರಿಸಬೇಕು. ಒಂದು ಎಚ್ಚರಿಕೆ: ಕೆಲವು ದೋಣಿಗಳಲ್ಲಿ ಕೂವೆಯನ್ನು (ಹಾಯಿಯ ಕಂಬವನ್ನು) ಮುಂದಿನಿಂದ ಹಿಡಿದಿರುವ ತಂತಿಯಾದ ಫೋರ್‌ಸ್ಟೇ ಇದೇ ರೋಲರ್ ಫಿಟ್ಟಿಂಗಿಗೆ ಕಟ್ಟಿರುತ್ತದೆ. ಹಾಗಿದ್ದರೆ ಹ್ಯಾಲ್ಯಾರ್ಡುಗಳನ್ನು (ಹಾಯಿ ಏರಿಸುವ ಹಗ್ಗಗಳನ್ನು) ಮುಂದಕ್ಕೆ ಬಿಗಿದು ಕೂವೆಗೆ ಆಸರೆ ಕೊಡದೆ ಒಂದು ನಟ್ಟನ್ನೂ ಮುಟ್ಟಬೇಡಿ. ಡೆಕ್ಕಿನ ಒಳಪದರ ಮರ ಅಥವಾ ಫೋಮ್ ಆಗಿದ್ದರೆ 10 ಮಿ.ಮೀ. ತೂತನ್ನು 16ಕ್ಕೆ ಅಗಲಿಸಿ, ಒದ್ದೆ ಪದರ ಕೆರೆದು ತೆಗೆದು, ಪೂರ್ತಿ ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಿ. ಅದು ಗಟ್ಟಿಯಾದ ಮೇಲೆ ನಡುವೆ 10 ಮಿ.ಮೀ. ಕೊರೆದು, ಮೇಲಂಚನ್ನು ಸ್ವಲ್ಪ ಇಳಿಜಾರು ಮಾಡಿ. ಸೀಲಂಟ್ ಆ ತಗ್ಗಿನಲ್ಲಿ ಉಂಗುರದ ಹಾಗೆ ನಿಲ್ಲುತ್ತದೆ. ಪಾಲಿಯುರೆಥೇನ್ ಅಥವಾ ಬ್ಯುಟೈಲ್ ಸೀಲಂಟ್ ಬಳಸಿ, ಬಾತ್‌ರೂಮಿನ ಸಿಲಿಕೋನ್ ಬೇಡ. ಒಳಗಡೆ ವಾಷರ್ ಒಂದೇ ಸಾಲದು, 10 ಮಿ.ಮೀ. ದಪ್ಪದ ಫೈಬರ್ ಪ್ಲೇಟ್ ಕೊಡಿ.

ರೋಲರ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ನೈಲಾನ್ ರೋಲರ್ ನೀರು ಕುಡಿದು ಉಬ್ಬಿ ಅಚ್ಚನ್ನು ಹಿಡಿದುಕೊಳ್ಳುತ್ತದೆ. ಹೊಸದು ಮಾಡಿಸುವುದಾದರೆ ಅಸಿಟಾಲ್ (ನೀರು ಅಷ್ಟಾಗಿ ಹೀರದ ಗಟ್ಟಿ ಪ್ಲಾಸ್ಟಿಕ್) ಇರಲಿ.

ಶ್ಯಾಕಲ್ ಪಿನ್ನಿನ ಕಣ್ಣಿಗೆ ಮೊನೆಲ್ (ನಿಕಲ್-ತಾಮ್ರದ ಮಿಶ್ರಲೋಹ) ಅಥವಾ 316 ತಂತಿ ಸುತ್ತಿ. ಕಟ್ಟಡದ ಬೈಂಡಿಂಗ್ ವೈರ್ ಬೇಗ ತುಕ್ಕು ತಿಂದು ಉದುರುತ್ತದೆ. ಸ್ವಿವೆಲ್ (ಸರಪಳಿ ತಿರುಚದಂತೆ ತಿರುಗುವ ಕೊಂಡಿ) ಹಾಕಿದ್ದರೆ ಅದನ್ನು ನೇರ ಶ್ಯಾಂಕಿಗೆ ಜೋಡಿಸಬೇಡಿ. ಪಕ್ಕದಿಂದ ಎಳೆತ ಬಿದ್ದಾಗ ಅದರ ದವಡೆ ಬಿರಿಯುತ್ತದೆ. ನಡುವೆ ನಾಲ್ಕು ಕೊಂಡಿ ಸರಪಳಿ ಇರಲಿ. ಸರಪಳಿಯ ಒಳತುದಿಯನ್ನು ಗೂಡಿನೊಳಗೆ ಗಟ್ಟಿ ಜಾಗಕ್ಕೆ ಹಗ್ಗದಿಂದ ಕಟ್ಟಿ. ಆ ಹಗ್ಗ ಡೆಕ್ಕಿನ ಮೇಲೆ ಬರುವಷ್ಟು ಉದ್ದವಿದ್ದರೆ ಆಪತ್ತಿನಲ್ಲಿ ಕೊಯ್ದು ಪಾರಾಗಬಹುದು.

ಇಷ್ಟು ಬಿಗಿದ ಲಂಗರು ಬೇಕಾದಾಗ ಬೀಳಬೇಕಲ್ಲ. ಕಾಳಿ ಅಳಿವೆಯಾಗಲಿ, ತದಡಿಯಲ್ಲಿ ಅಘನಾಶಿನಿಯದಾಗಲಿ, ಹೊನ್ನಾವರದಲ್ಲಿ ಶರಾವತಿಯದಾಗಲಿ, ಹೊಯ್ಗೆ ದಿಬ್ಬಗಳ ನಡುವೆ ಎಂಜಿನ್ ನಿಂತರೆ ಲಂಗರೇ ಬ್ರೇಕು. ಆದ್ದರಿಂದ ಅಳಿವೆಗೆ ಒಂದು ಮೈಲಿ ಮೊದಲೇ, ಆಳ ನೀರಿನಲ್ಲಿರುವಾಗಲೇ, ಹಗ್ಗದ ಕಟ್ಟು ಬಿಚ್ಚಿ, ಬೆಣೆ ಕಿತ್ತು, ವಿಂಡ್‌ಲಾಸಿನ ಬ್ರೇಕರ್ ಆನ್ ಮಾಡಿ, ಕ್ಲಚ್ ಬಿಗಿದಿದೆಯೇ ನೋಡಿ, ಟರ್ನ್‌ಬಕಲ್ ಕೊಕ್ಕೆ ತೆಗೆಯಿರಿ. ಆಗ ಪಿನ್ ಒಂದೇ ಉಳಿದಿರುತ್ತದೆ. ಅದಕ್ಕೆ ಕಟ್ಟಿದ ಹುರಿ ಮುಂದೆ ನಿಂತವರ ಕೈಯಲ್ಲಿರಲಿ.