ಅಖೋ ಎಂಬ ಅಕ್ಕಸಾಲಿಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ‘ವೈಷ್ಣವ ಜನ ತೋ’ ಬರೆದದ್ದು ಅಖೋ ಎಂಬ ಕವಿ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಹೌದಾ?
– ಓದುಗರು, ಕಾರ್ಕಳ

ಉತ್ತರ: ಅಲ್ಲ. ಅದು ಜುನಾಗಢದ ನರಸಿಂಹ ಮೆಹ್ತಾ ಅವರದು, 15ನೇ ಶತಮಾನದ್ದು. ಅಖೋ 17ನೇ ಶತಮಾನದವರು. ಮೆಹ್ತಾ ಕೃಷ್ಣನನ್ನು ಹಾಡಿ ಕುಣಿದರು, ಅಖೋ ಕೃಷ್ಣನ ಹೆಸರು ಹೇಳಿಕೊಂಡು ತಿರುಗುವವರನ್ನು ಹಿಡಿದು ಬೈದರು. ಇಬ್ಬರೂ ಗುಜರಾತಿನವರು ಅನ್ನುವುದು ಬಿಟ್ಟರೆ ಗೊಂದಲಕ್ಕೆ ಕಾರಣವೇ ಇಲ್ಲ.

ಪ್ರಶ್ನೆ: ಸರ್, ನಮ್ಮದು ಚಿನ್ನದ ಕೆಲಸದ ಮನೆ. ಅಖೋ ಕೂಡ ಅಕ್ಕಸಾಲಿಗರಂತೆ. ಮತ್ತೆ ಕೆಲಸ ಬಿಟ್ಟದ್ದು ಯಾಕೆ?
– ಓದುಗರು, ಕಾರ್‌ಸ್ಟ್ರೀಟ್, ಮಂಗಳೂರು

ಉತ್ತರ: ಹುಟ್ಟಿದ್ದು ಜೇತಲ್‌ಪುರದಲ್ಲಿ, ಬೆಳೆದು ಬದುಕಿದ್ದು ಹತ್ತಿರದ ಅಹಮದಾಬಾದಿನಲ್ಲಿ. ಅಲ್ಲಿ ಹೇಳುವ ಕಥೆ ಹೀಗಿದೆ. ಅಖೋ ತಂಗಿಯ ಹಾಗೆ ನೋಡಿಕೊಂಡಿದ್ದ ಒಬ್ಬ ಹೆಂಗಸು ಸರ ಮಾಡಿಸಲು ಚಿನ್ನ ಕೊಟ್ಟರು. ಇವರು ಪ್ರೀತಿಗೆ ತಮ್ಮ ಕೈಯಿಂದ ಇನ್ನಷ್ಟು ಚಿನ್ನ ಸೇರಿಸಿ ಮಾಡಿಕೊಟ್ಟರು. ಆಕೆಗೆ ಒಳಗೊಳಗೇ ಸಂಶಯ. ಇನ್ನೊಬ್ಬ ಅಕ್ಕಸಾಲಿಗನ ಹತ್ತಿರ ಹೋಗಿ ಸರವನ್ನು ಕತ್ತರಿಸಿ ನೋಡಿಸಿದರು, ಅದನ್ನು ಸರಿಮಾಡಿಸಲು ಮತ್ತೆ ಇವರ ಹತ್ತಿರವೇ ಬಂದಾಗ ವಿಷಯ ಹೊರಬಿತ್ತು. ಮುಂದೆ ಟಂಕಸಾಲೆಯಲ್ಲಿ ಕೆಲಸಕ್ಕಿದ್ದಾಗ ನಾಣ್ಯಕ್ಕೆ ಕಲಬೆರಕೆ ಮಾಡುತ್ತಾರೆ ಅಂತ ದೂರು ಬಂತಂತೆ. ತಪ್ಪಿಲ್ಲ ಅಂತ ಬಿಟ್ಟರು, ಆದರೆ ಇವರಿಗೆ ಆ ಕೆಲಸವೇ ಸಾಕಾಯಿತು. ಚಿನ್ನದ ಕೆಲಸದವರಿಗೆ ಈ ನೋವು ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕಥೆ ಚೆನ್ನಾಗಿದೆ, ಆದರೆ ಅದು ಜನ ಹೇಳಿಕೊಂಡು ಬಂದದ್ದು. ಅಖೋ ಅವರ ಸಿಟ್ಟನ್ನೆಲ್ಲ ಆ ಒಂದು ಸರಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸರದ ವಿಷಯಕ್ಕೇ ಸಿಟ್ಟಾಗಿದ್ದರೆ ನಂಬಿಕೆ ಕೆಟ್ಟ ನೆಂಟರ ಬಗ್ಗೆ ಬರೆಯಬೇಕಿತ್ತು. ಅವರು ಜಾಸ್ತಿ ಬೈದದ್ದು ಗುರುಗಳನ್ನು! ವೈಷ್ಣವ ಆಚಾರ್ಯ ಗೋಕುಲನಾಥರನ್ನು ಗುರುಗಳಾಗಿ ಮಾಡಿಕೊಂಡದ್ದನ್ನು ನೆನೆದು, ಮುದಿ ಎತ್ತಿಗೆ ಮೂಗುದಾರ ಹಾಕಿದಂತಾಯಿತು ಎಂದು ತಮ್ಮನ್ನೇ ಗೇಲಿ ಮಾಡಿಕೊಂಡಿದ್ದಾರೆ. ದುಡ್ಡು ತೆಗೆದುಕೊಳ್ಳುತ್ತಾನೆ, ಭ್ರಮೆ ತೆಗೆಯುವುದಿಲ್ಲ, ಅಂಥ ಗುರುವಿನಿಂದ ಏನು ಒಳ್ಳೆಯದಾದೀತು ಅಂತ ಕೇಳುತ್ತಾರೆ. ಕೊನೆಗೆ ಕಾಶಿಯಲ್ಲಿ ಬ್ರಹ್ಮಾನಂದ ಎಂಬ ಗುರು ಸಿಕ್ಕಿದರು ಅನ್ನುತ್ತಾರೆ.

ಪ್ರಶ್ನೆ: ಅಖೋ ಅದ್ವೈತಿ. ದೇವರ ಪೂಜೆಯನ್ನೇ ತಮಾಷೆ ಮಾಡಿದವರು. ಅವರನ್ನು ನಮ್ಮ ದಾಸರ ಪಕ್ಕ ಕೂರಿಸುವುದು ಸರಿಯಾ?
– ಓದುಗರು, ಉಡುಪಿ

ಉತ್ತರ: ತತ್ವದಲ್ಲಿ ಕೂರಿಸಬೇಡಿ, ರಥಬೀದಿಯಲ್ಲಿ ನಿಂತು ಅದ್ವೈತ ಹೇಳುವ ಧೈರ್ಯ ನನಗೂ ಇಲ್ಲ. ಆದರೆ ಬೈಗುಳದಲ್ಲಿ ಖಂಡಿತ ಕೂರಿಸಬಹುದು. ನಾಮ ಹಚ್ಚಿ ಹಚ್ಚಿ ಐವತ್ತಮೂರು ವರ್ಷ ಕಳೆಯಿತು, ಜಪಮಾಲೆಯ ಮಣಿಯ ತೂತು ಸವೆಯಿತು, ತೀರ್ಥಕ್ಕೆ ತಿರುಗಿ ಕಾಲು ಸೋತಿತು, ಕಥೆ ಕೇಳಿ ಕೇಳಿ ಕಿವಿ ಒಡೆಯಿತು, ಆದರೂ ಬ್ರಹ್ಮಜ್ಞಾನ ಬರಲಿಲ್ಲ ಅನ್ನುತ್ತಾರೆ ಅಖೋ. ಗೋಪೀಚಂದನ ಹಚ್ಚುವ ಊರಿನಲ್ಲಿ ಇದನ್ನು ಓದಿದರೆ ಸ್ವಲ್ಪ ಚುಚ್ಚುತ್ತದೆ. ಆದರೆ ಪುರಂದರದಾಸರ ‘ಉದರ ವೈರಾಗ್ಯವಿದು’ ಚುಚ್ಚುವುದಿಲ್ಲವಾ? ದಾಸರ ಸಿಟ್ಟೂ ಭಕ್ತಿಯ ಮೇಲಲ್ಲ, ಭಕ್ತಿಯ ವೇಷದ ಮೇಲೆ.

ಪೂಜೆಯ ವಿಷಯದಲ್ಲಿ ಅಖೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು, ಅದು ನಿಜ. ಕಂಡ ಕಲ್ಲನ್ನೆಲ್ಲ ದೇವರೆಂದು ಪೂಜಿಸುತ್ತಾನೆ, ನೀರು ಕಂಡರೆ ಮುಳುಗುತ್ತಾನೆ, ತುಳಸಿ ಕಂಡರೆ ಎಲೆ ಕೀಳುತ್ತಾನೆ, ಇಷ್ಟೊಂದು ಪರಮೇಶ್ವರರು ಎಲ್ಲಿಂದ ಬಂದರು ಅಂತ ಕೇಳುವವರು. ಮುಟ್ಟುವುದು ಮುಟ್ಟದಿರುವುದು ಅನ್ನುವ ಮಡಿಯನ್ನೂ ಬಿಟ್ಟಿಲ್ಲ. ಕನಕನ ಕಿಂಡಿಯ ಮುಂದೆ ನಿಲ್ಲುವ ನಮಗೆ ಅದು ಹೊಸ ಮಾತೇನೂ ಅಲ್ಲ.

ಪ್ರಶ್ನೆ: ಅಖೋ ಬರೆದ ಪದ್ಯಗಳಿಗೆ ಛಪ್ಪಾ ಅನ್ನುತ್ತಾರಲ್ಲ, ಅದು ನಮ್ಮ ಷಟ್ಪದಿಯೇ?
– ಯಕ್ಷಗಾನ ಅಭಿಮಾನಿ, ಕುಂದಾಪುರ

ಉತ್ತರ: ಆರು ಸಾಲು ಅನ್ನುವಷ್ಟು ಮಾತ್ರ ಒಂದೇ. ನಮ್ಮ ಭಾಮಿನಿ ಷಟ್ಪದಿಯಲ್ಲಿ ಮೂರನೇ ಮತ್ತು ಆರನೇ ಸಾಲು ಉದ್ದ. ಅಖೋ ಅವರ ಛಪ್ಪಾದಲ್ಲಿ ಸಾಲುಗಳೆಲ್ಲ ಒಂದೇ ಅಳತೆ, ಎರಡೆರಡಕ್ಕೆ ಪ್ರಾಸ. ಗುಣ ನೋಡಿದರೆ ಸರ್ವಜ್ಞನ ತ್ರಿಪದಿಗೇ ಹತ್ತಿರ.

ಪ್ರಶ್ನೆ: ನನಗೆ ಗುಜರಾತಿ ಬರುವುದಿಲ್ಲ. ಅಖೋ ಅವರನ್ನು ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ‘ಅಖೇ ಗೀತಾ’ದಿಂದ ಬೇಡ. 1649ರಲ್ಲಿ ಬರೆದ ಅದು ವೇದಾಂತದ ಕೃತಿ, ಮೊದಲಿಗೇ ಭಾರ ಆಗುತ್ತದೆ. ಛಪ್ಪಾಗಳಿಂದ ಶುರು ಮಾಡಿ. ಅವನ್ನು ಸಂಪಾದಿಸಿದವರು ಉಮಾಶಂಕರ ಜೋಶಿ, 1967ರ ಜ್ಞಾನಪೀಠವನ್ನು ನಮ್ಮ ಕುವೆಂಪು ಜೊತೆ ಹಂಚಿಕೊಂಡವರು. ಗುಜರಾತಿ ಗೊತ್ತಿದ್ದವರು ಮಂಗಳೂರಿನಲ್ಲಿ ಸಿಗುತ್ತಾರೆ, ಬಂದರಿನ ಕಡೆ ವಿಚಾರಿಸಿ. ಒಬ್ಬರನ್ನು ಕೂರಿಸಿಕೊಂಡು ದಿನಕ್ಕೆ ಎರಡು ಛಪ್ಪಾ ಓದಿಸಿಕೊಂಡರೂ ಸಾಕು. ಭಾಷೆ ಬರುವುದಿಲ್ಲ ಅಂತ ಹೆದರಬೇಡಿ. ಸಂಸ್ಕೃತವೇ ದೊಡ್ಡದು ಅನ್ನುವ ಪಂಡಿತರಿಗೆ ಅಖೋ ಹೇಳಿದ್ದೂ ಇಷ್ಟೇ: ಭಾಷೆ ಯಾವುದಾದರೇನು, ರಣದಲ್ಲಿ ಗೆದ್ದವನೇ ಶೂರ. ಅಹಮದಾಬಾದಿಗೆ ಹೋದರೆ ಖಾಡಿಯಾದ ಕಡೆ ದೇಸಾಯಿ ಪೋಳ್ ಎಲ್ಲಿ ಅಂತ ಕೇಳಿ, ಅಖೋ ಇದ್ದ ಜಾಗ ತೋರಿಸುತ್ತಾರೆ. ಹಳೇ ಊರಿನ ಗಲ್ಲಿ, ಆಟೋ ಒಳಗೆ ಹೋಗುವುದು ಕಷ್ಟ. ನಡೆದೇ ಹೋಗಿ.